ಕುರಿ ಮಂದೆಗೆ ಕಾವಲು ನಾಯಿ: ಸಾಕಣೆ ಮತ್ತು ಪಾಲನೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕುರಿ ಸಾಕಣೆ ಬಹುಮಟ್ಟಿಗೆ ಸಣ್ಣ ರೈತರ ಮತ್ತು ಭೂಹೀನರ ಕಸುಬು. ಮಳೆ, ಕೆರೆ, ಕೊಳವೆ ಬಾವಿಗಳನ್ನೇ ನಂಬಿದ ಈ ಸೀಮೆಯಲ್ಲಿ ರಾಗಿ ಕೈಕೊಟ್ಟ ವರ್ಷವೂ, ಟೊಮೆಟೊ ಬೆಲೆ ಬಿದ್ದ ವರ್ಷವೂ ಮನೆಯನ್ನು ನಿಭಾಯಿಸುವುದು ರೊಪ್ಪದಲ್ಲಿರುವ ಹತ್ತಿಪ್ಪತ್ತು ಕುರಿಗಳು. ಮಕ್ಕಳ ಓದು, ಮದುವೆ, ಆಸ್ಪತ್ರೆಯ ಖರ್ಚು, ಇವಕ್ಕೆಲ್ಲ ಮೊದಲು ನೆನಪಾಗುವುದು ಟಗರು ಮರಿಗಳೇ. ಇಂಥ ಮನೆಯಲ್ಲಿ ಒಂದೇ ರಾತ್ರಿ ನಾಲ್ಕೈದು ಕುರಿ ಹೋದರೆ ಹೋದದ್ದು ಕುರಿಯಷ್ಟೇ ಅಲ್ಲ, ಆ ವರ್ಷದ ಉಳಿತಾಯವೆಲ್ಲ ಹೋದಂತೆ.

ಕುರಿಗಳಿಗೆ ಅಪಾಯ ನಾಲ್ಕು ಕಡೆಯಿಂದ ಬರುತ್ತದೆ. ಮೊದಲನೆಯದು, ಗುಂಪು ಕಟ್ಟಿಕೊಂಡು ತಿರುಗುವ ಬೀದಿನಾಯಿಗಳು. ಇವು ಹಸಿವಿಗಿಂತ ಹೆಚ್ಚಾಗಿ ಓಡಿಸುವ ಹುಮ್ಮಸ್ಸಿನಿಂದ ಕಚ್ಚುವುದರಿಂದ ಒಂದೇ ದಾಳಿಯಲ್ಲಿ ಹಲವು ಕುರಿಗಳು ಸಾಯುತ್ತವೆ. ಎರಡನೆಯದು, ಎಳೆಯ ಮರಿಗಳನ್ನು ಹೊತ್ತೊಯ್ಯುವ ನರಿ. ಮೂರನೆಯದು, ಬೆಟ್ಟಗುಡ್ಡಗಳ ಅಂಚಿನ ಹಳ್ಳಿಗಳಲ್ಲಿ ಚಿರತೆ. ನಾಲ್ಕನೆಯದು, ರಾತ್ರಿ ವಾಹನ ತಂದು ಕುರಿ ತುಂಬಿಕೊಂಡು ಹೋಗುವ ಕಳ್ಳರು. ಈ ನಾಲ್ಕಕ್ಕೂ ಹಿಂದಿನಿಂದ ಬಂದ ಒಂದು ಉಪಾಯವೆಂದರೆ ಮಂದೆಯ ನಾಯಿ. ಆದರೆ ಈ ನಾಯಿಯನ್ನು ಆರಿಸುವುದರಲ್ಲಿಯೂ ಬೆಳೆಸುವುದರಲ್ಲಿಯೂ ಇಂದು ಅನೇಕರು ಎಡವುತ್ತಿದ್ದಾರೆ.

ದೊಡ್ಡ ನಾಯಿಯೆಲ್ಲ ಕಾವಲು ನಾಯಿಯಲ್ಲ

ಒಬ್ಬ ರೈತ ಬೆಂಗಳೂರಿನಿಂದ ಎರಡು ವರ್ಷದ ಭಾರಿ ಗಾತ್ರದ ನಾಯಿಯೊಂದನ್ನು ತಂದನೆಂದು ಇಟ್ಟುಕೊಳ್ಳಿ. ಅದನ್ನು ರೊಪ್ಪದ ಬಾಗಿಲಿಗೆ ಸರಪಣಿಯಲ್ಲಿ ಕಟ್ಟುತ್ತಾನೆ. ನಾಯಿ ಹಗಲೆಲ್ಲ ಬಿಸಿಲಿನಲ್ಲಿ ಏದುಸಿರು ಬಿಡುತ್ತದೆ, ರಾತ್ರಿಯೆಲ್ಲ ಬೊಗಳುತ್ತದೆ. ಒಂದು ದಿನ ಸರಪಣಿ ಕಳಚಿದಾಗ ಕುರಿಗಳು ಅದನ್ನು ಕಂಡು ಬೆದರಿ ಓಡುತ್ತವೆ, ಓಡುವ ಕುರಿಯನ್ನು ಕಂಡ ನಾಯಿ ಬೆನ್ನಟ್ಟುತ್ತದೆ. ಬೆಳಗ್ಗೆ ಪಕ್ಕದ ಹೊಲದವನು ಬಂದು, "ಏನಣ್ಣಾ, ಇಷ್ಟು ದೊಡ್ಡ ನಾಯಿ ಇದ್ದೂ ಮರಿ ಹೇಗೆ ಹೋಯಿತು?" ಎಂದು ಕೇಳಿದರೆ, "ನಾಯಿಯೇ ಹಿಡಿಯಿತಪ್ಪ" ಎಂದು ಹೇಳಬೇಕಾಗುತ್ತದೆ. ಇಲ್ಲಿ ತಪ್ಪು ನಾಯಿಯದಲ್ಲ. ಕುರಿ ತನ್ನ ಬಳಗವೆಂದು ಆ ನಾಯಿಗೆ ಯಾರೂ ಎಳೆಯ ವಯಸ್ಸಿನಲ್ಲಿ ಕಲಿಸಲಿಲ್ಲ.

ಬೇಟೆ ನಾಯಿಗೂ ಮಂದೆಯ ನಾಯಿಗೂ ಸ್ವಭಾವದಲ್ಲಿಯೇ ವ್ಯತ್ಯಾಸವಿದೆ. ಕನ್ನಡ ನಾಡಿನಲ್ಲಿ ಬೇಟೆ ನಾಯಿಗೆ ದೊಡ್ಡ ಗೌರವವಿತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನ ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ತಮಿಳುನಾಡಿನ ರಾಜಪಾಳಯಂ ನಾಯಿಯೂ ಹೆಸರಾಂತ ದೇಶೀ ತಳಿಗಳು. ಆದರೆ ಓಡುವ ಪ್ರಾಣಿಯನ್ನು ಬೆನ್ನಟ್ಟಿ ಹಿಡಿಯುವುದು ಬೇಟೆ ನಾಯಿಯ ಗುಣ. ಮಂದೆಯ ನಾಯಿಗೆ ಬೇಕಾದ ಗುಣ ಇದಕ್ಕೆ ವಿರುದ್ಧವಾದದ್ದು. ಕುರಿ ಓಡಿದರೂ ಅದು ಬೆನ್ನಟ್ಟಬಾರದು, ಕುರಿಯ ಜೊತೆಗೇ ನಿಲ್ಲಬೇಕು, ಹೊರಗಿನಿಂದ ಬಂದದ್ದಕ್ಕೆ ಮಾತ್ರ ಎದುರಾಗಬೇಕು. ಬಲ್ಲವರು ಇದನ್ನು ಮೂರು ಗುಣಗಳಾಗಿ ಹೇಳುತ್ತಾರೆ: ಮಂದೆಯನ್ನು ಬಿಟ್ಟಿರದಿರುವುದು, ಮಂದೆಗೆ ಕೇಡು ಮಾಡದಿರುವುದು, ಮಂದೆಯನ್ನು ಕಾಯುವುದು. ಮೊದಲ ಎರಡು ಇಲ್ಲದೆ ಮೂರನೆಯದರಿಂದ ಪ್ರಯೋಜನವಿಲ್ಲ.

ಪ್ರಪಂಚದ ಹಲವು ಕಡೆ ಇದಕ್ಕೆಂದೇ ಬೆಳೆದುಬಂದ ದೊಡ್ಡ ತಳಿಗಳಿವೆ. ಟರ್ಕಿಯ ಕಾಂಗಾಲ್, ಇಟಲಿಯ ಮರೆಮ್ಮಾ, ಫ್ರಾನ್ಸ್ ಮತ್ತು ಸ್ಪೇನ್ ಗಡಿಯ ಪಿರೆನೀಸ್ ನಾಯಿ ಇವುಗಳಲ್ಲಿ ಮುಖ್ಯವಾದವು. ಭಾರತದ ಹಿಮಾಚಲ ಪ್ರದೇಶದಲ್ಲಿ ಗದ್ದಿ ಕುರಿಗಾರರ ನಾಯಿಗಳು ಚಿರತೆಯ ಬಾಯಿಗೆ ಕತ್ತು ಸಿಗದಂತೆ ಮುಳ್ಳಿನ ಕಬ್ಬಿಣದ ಪಟ್ಟಿ ಧರಿಸಿ ಮಂದೆಯ ಜೊತೆ ನಡೆಯುತ್ತವೆ. ಆಫ್ರಿಕದ ನಮೀಬಿಯದಲ್ಲಿ 1994ರಿಂದ ಚೀತಾ ಸಂರಕ್ಷಣಾ ಸಂಸ್ಥೆಯೊಂದು ಟರ್ಕಿ ಮೂಲದ ನಾಯಿಮರಿಗಳನ್ನು ರೈತರಿಗೆ ಕೊಡುತ್ತ ಬಂದಿದೆ. ಕುರಿ ಮೇಕೆಗಳು ಉಳಿದರೆ ರೈತರು ಚೀತಾಗಳನ್ನು ಕೊಲ್ಲುವುದು ತಪ್ಪುತ್ತದೆಂಬುದು ಇದರ ಉದ್ದೇಶ.

ಹಾಗೆಂದು ಇಂಥ ತಳಿಯನ್ನೇ ತರಿಸಬೇಕಾಗಿಲ್ಲ. ಹಿಮಾಲಯದ ಚಳಿಗೆ ಒಗ್ಗಿದ ದಟ್ಟ ಕೂದಲಿನ ನಾಯಿಗೆ ಕೋಲಾರದ ಏಪ್ರಿಲ್ ಬಿಸಿಲು ಶಿಕ್ಷೆಯಾಗುತ್ತದೆ. ಐವತ್ತು ಅರವತ್ತು ಕಿಲೋ ತೂಗುವ ನಾಯಿಯ ಆಹಾರ ಮತ್ತು ಔಷಧದ ಖರ್ಚು ಹತ್ತು ಕುರಿಯ ಮಂದೆಗೆ ಹೊರೆಯೇ ಸರಿ. ಅಮೆರಿಕದ ನವಾಹೊ ಆದಿವಾಸಿಗಳು ಯಾವ ತಳಿಯೂ ಅಲ್ಲದ ಮಿಶ್ರ ನಾಯಿಗಳನ್ನೇ ಕುರಿಗಳ ನಡುವೆ ಬೆಳೆಸಿ ಕಾವಲಿಗೆ ಬಳಸುತ್ತಾರೆಂಬುದನ್ನು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ವಿವರಿಸಿತು. ಆಫ್ರಿಕದ ಬೋಟ್ಸ್ವಾನಾದಲ್ಲಿಯೂ ಊರ ನಾಯಿಗಳೇ ಒಳ್ಳೆಯ ಕಾವಲುಗಾರರೆಂದು ಕಂಡುಬಂದಿದೆ. ಇದರಿಂದ ತಿಳಿಯುವುದೇನೆಂದರೆ, ತಳಿಯಷ್ಟೇ, ಕೆಲವೊಮ್ಮೆ ತಳಿಗಿಂತ ಹೆಚ್ಚಾಗಿ, ಬೆಳೆಸುವ ಕ್ರಮ ಮುಖ್ಯ. ಒಳ್ಳೆಯ ಮೈಕಟ್ಟಿನ, ಇಪ್ಪತ್ತೈದು ಮೂವತ್ತು ಕಿಲೋ ತೂಗುವ ನಾಡ ನಾಯಿ ಈ ನಾಲ್ಕು ತಾಲ್ಲೂಕುಗಳ ಬಿಸಿಲಿಗೂ ರೈತನ ಕೈಗೂ ಹೊಂದುತ್ತದೆ.

ಮರಿಯ ಆಯ್ಕೆ

ಮಂದೆಯ ಜೊತೆಯಲ್ಲೇ ಇರುವ ತಾಯಿನಾಯಿಯ ಮರಿಯನ್ನು ಹುಡುಕಬೇಕು. ತಾಯಿ ಕುರಿಗಳ ನಡುವೆ ಶಾಂತವಾಗಿ ಮಲಗುತ್ತದೆಯೇ, ಮರಿ ಹಾಕುವ ಕುರಿಯ ಹತ್ತಿರ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕಣ್ಣಾರೆ ನೋಡತಕ್ಕದ್ದು. ಏಳೆಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬಾರದು. ತೀರ ಪುಕ್ಕಲು ಮರಿಯೂ, ಸಿಕ್ಕಿದ್ದನ್ನೆಲ್ಲ ಕಚ್ಚಿ ಎಳೆಯುವ ಮರಿಯೂ ಬೇಡ. ಗಂಡು ಹೆಣ್ಣು ಎರಡೂ ಕಾವಲಿಗೆ ಆಗುತ್ತವೆ. ಆದರೆ ಬೆದೆಗೆ ಬಂದ ಹೆಣ್ಣುನಾಯಿಯನ್ನು ಹುಡುಕಿಕೊಂಡು ಊರ ನಾಯಿಗಳೆಲ್ಲ ರೊಪ್ಪದ ಸುತ್ತ ಸೇರುತ್ತವೆ. ಬೆದೆಯ ವಾಸನೆ ಹಿಡಿದ ಗಂಡು ಮಂದೆ ಬಿಟ್ಟು ಹೋಗುತ್ತದೆ. ಆದುದರಿಂದ ತಳಿ ಬೆಳೆಸುವ ಉದ್ದೇಶವಿಲ್ಲದವರು ಪಶುವೈದ್ಯರ ಸಲಹೆ ಪಡೆದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಮೇಲು.

ಮೊದಲ ನಾಲ್ಕು ತಿಂಗಳು

ಕಾವಲು ನಾಯಿಯ ಭವಿಷ್ಯ ನಿರ್ಧಾರವಾಗುವುದು ಎಂಟರಿಂದ ಹದಿನಾರನೆಯ ವಾರದೊಳಗೆ. ಈ ಅವಧಿಯಲ್ಲಿ ಮರಿ ಯಾರ ಜೊತೆ ಉಂಡು ಮಲಗುತ್ತದೆಯೋ ಅವರನ್ನೇ ತನ್ನವರೆಂದು ತಿಳಿಯುತ್ತದೆ. ಮನೆಯೊಳಗೆ ಮಕ್ಕಳ ಜೊತೆ ಬೆಳೆದರೆ ಅದು ಮನೆಯನ್ನು ಕಾಯುತ್ತದೆ, ರೊಪ್ಪದಲ್ಲಿ ಬೆಳೆದರೆ ಮಂದೆಯನ್ನು ಕಾಯುತ್ತದೆ.

ರೊಪ್ಪದ ಒಂದು ಮೂಲೆಯಲ್ಲಿ ಬಿದಿರು ತಡಿಕೆಯಿಂದ ಸಣ್ಣ ಆವರಣ ಮಾಡಬೇಕು. ನಾಯಿಮರಿ ನುಸುಳುವಷ್ಟು, ಕುರಿ ನುಗ್ಗಲಾರದಷ್ಟು ಕಿಂಡಿ ಬಿಡಬೇಕು. ಕುರಿ ಗುದ್ದಿದರೆ ಓಡಿಬರಲು, ನೆಮ್ಮದಿಯಾಗಿ ಉಣ್ಣಲು ಮರಿಗೆ ಈ ಜಾಗ ಬೇಕು. ಮೊದಲಿಗೆ ಸಾಧುವಾದ ನಾಲ್ಕಾರು ಕುರಿಮರಿಗಳ ಜೊತೆ ಬಿಡುವುದು ಒಳ್ಳೆಯದು. ನಾಯಿ ಕಂಡರೆ ತಲೆ ತಗ್ಗಿಸಿ ಗುದ್ದುವ ಟಗರಿನ ಜೊತೆ ಎಳೆಮರಿಯನ್ನು ಬಿಡಬಾರದು.

ಮರಿಯನ್ನು ಎತ್ತಿಕೊಂಡು ಮುದ್ದಾಡುತ್ತ ಮನೆಗೆ ಒಯ್ಯುವುದು ತಪ್ಪು. ಹಾಗೆಂದು ಮನುಷ್ಯರ ಸೋಂಕೇ ಇಲ್ಲದೆ ಬೆಳೆಸುವುದೂ ಅಷ್ಟೇ ತಪ್ಪು. ಹಿಡಿಯಲು ಸಿಗದ ನಾಯಿಗೆ ಲಸಿಕೆ ಹಾಕಿಸಲಾಗದು, ಗಾಯ ತೊಳೆಯಲಾಗದು. ದಿನಕ್ಕೆ ಎರಡು ಬಾರಿ, ರೊಪ್ಪದೊಳಗೇ, ಮೈ ಸವರಿ ಬಾಯಿ, ಕಿವಿ, ಕಾಲು ಮುಟ್ಟಿ ನೋಡುವ ಅಭ್ಯಾಸ ಮಾಡಿಸಬೇಕು. ಹೆಸರು ಕರೆದರೆ ಬರುವುದು, 'ಬೇಡ' ಎಂದರೆ ನಿಲ್ಲುವುದು, ಹಗ್ಗದಲ್ಲಿ ನಡೆಯುವುದು, ಇಷ್ಟು ಕಲಿತರೆ ಸಾಕು. ಮನೆಮಂದಿಯನ್ನೂ ನೆರೆಯ ಹೊಲದವರನ್ನೂ ಅದು ಗುರುತಿಸಬೇಕು.

ಆರರಿಂದ ಹದಿನಾಲ್ಕು ತಿಂಗಳ ವಯಸ್ಸು ಅತ್ಯಂತ ಕಷ್ಟದ ಕಾಲ. ದೇಹ ದೊಡ್ಡದಾಗಿರುತ್ತದೆ, ಬುದ್ಧಿ ಇನ್ನೂ ಮರಿಯದೇ. ಆಟಕ್ಕೆಂದು ಕುರಿಮರಿಯ ಕಿವಿ ಜಗ್ಗುತ್ತದೆ, ಬಾಲ ಕಚ್ಚುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ. ಅನೇಕರು ಇಲ್ಲಿ ಬೇಸರಗೊಂಡು ನಾಯಿಯನ್ನು ಹೊಡೆದು ಓಡಿಸುತ್ತಾರೆ, ಇಲ್ಲವೇ ಶಾಶ್ವತವಾಗಿ ಸರಪಣಿಗೆ ಕಟ್ಟುತ್ತಾರೆ. ಎರಡೂ ಬೇಡ. ತಪ್ಪು ಮಾಡುತ್ತಿರುವಾಗಲೇ ಗದರಿಸಿ ನಿಲ್ಲಿಸಬೇಕು. ಗಂಟೆಯ ಮೇಲೆ ಹೊಡೆದರೆ ಏಕೆ ಹೊಡೆದರೆಂದು ಅದಕ್ಕೆ ತಿಳಿಯುವುದಿಲ್ಲ. ನೋಡಿಕೊಳ್ಳುವವರಿಲ್ಲದ ಹೊತ್ತಿನಲ್ಲಿ ಎಳೆಯ ಕುರಿಮರಿಗಳಿಂದ ಬೇರೆ ಇಟ್ಟು, ಗಟ್ಟಿಮುಟ್ಟಾದ ದೊಡ್ಡ ಕುರಿಗಳ ಜೊತೆ ಬಿಡಬೇಕು. ಮಂದೆಯಲ್ಲಿ ಅನುಭವಿ ಹಿರಿಯ ನಾಯಿ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಒಂದೂವರೆಯಿಂದ ಎರಡು ವರ್ಷ ತುಂಬಿದ ಮೇಲೆಯೇ ನಾಯಿಯನ್ನು ಪೂರ್ಣವಾಗಿ ನಂಬಬಹುದು.

ಆಹಾರ

ಉಳಿದ ಮುದ್ದೆ, ಗಂಜಿ ಹಾಕಿದರೆ ಸಾಕೆಂಬ ಭಾವನೆ ಸರಿಯಲ್ಲ. ರಾಗಿ ಒಳ್ಳೆಯ ಆಹಾರವೇ, ಆದರೆ ನಾಯಿಗೆ ಬೇಕಾದಷ್ಟು ಸಸಾರಜನಕ ರಾಗಿಯೊಂದರಲ್ಲೇ ಸಿಗುವುದಿಲ್ಲ. ಮುದ್ದೆ ಅಥವಾ ಅನ್ನದ ಜೊತೆ ಬೇಯಿಸಿದ ಮೊಟ್ಟೆ, ಬೇಯಿಸಿದ ಮಾಂಸದ ತುಣುಕು, ಮೊಸರು, ಬೆಂದ ಬೇಳೆ, ಇವುಗಳಲ್ಲಿ ಸಾಧ್ಯವಾದದ್ದನ್ನು ಸೇರಿಸಬೇಕು. ಎಳೆಮರಿಗೆ ದಿನಕ್ಕೆ ನಾಲ್ಕು ಬಾರಿ, ಆರು ತಿಂಗಳ ವೇಳೆಗೆ ಮೂರು ಬಾರಿ, ಬೆಳೆದ ನಾಯಿಗೆ ಎರಡು ಬಾರಿ ಕೊಡುವುದು ವಾಡಿಕೆ. ಈರುಳ್ಳಿ ಹಾಕಿದ ಸಾರು, ಬೇಯಿಸಿದ ಮೂಳೆ ಕೊಡಬಾರದು. ದೊಡ್ಡ ಮೈಕಟ್ಟಿನ ಮರಿಗೆ ಬೇಗ ಬೆಳೆಯಲೆಂದು ಅತಿಯಾಗಿ ತಿನ್ನಿಸುವುದು, ವೈದ್ಯರನ್ನು ಕೇಳದೆ ಸುಣ್ಣದಂಶದ ಔಷಧ ಕುಡಿಸುವುದು, ಎರಡರಿಂದಲೂ ಮೂಳೆ ಮತ್ತು ಕೀಲುಗಳು ಕೆಡುತ್ತವೆ. ಆಹಾರ ಸರಿಯಾಗಿದೆಯೇ ಎಂದು ತಿಳಿಯಲು ಸುಲಭ ಉಪಾಯವಿದೆ. ಕೈಯಾಡಿಸಿದರೆ ಪಕ್ಕೆಲುಬು ತಾಕಬೇಕು, ದೂರದಿಂದ ನೋಡಿದರೆ ಎದ್ದು ಕಾಣಬಾರದು.

ಹಸಿದ ನಾಯಿ ಒಳ್ಳೆಯ ಕಾವಲು ಮಾಡುತ್ತದೆಂಬುದು ಕೆಟ್ಟ ನಂಬಿಕೆ. ಹಸಿದ ನಾಯಿ ಮಂದೆ ಬಿಟ್ಟು ತಿಪ್ಪೆ ಹುಡುಕುತ್ತದೆ.

ಹಸಿ ಮಾಂಸದ ಅಪಾಯ

ಸತ್ತ ಕುರಿಯನ್ನೂ, ಕುರಿ ಕೊಯ್ದಾಗ ಬಿಸುಡುವ ಕರುಳು, ಪಿತ್ತಜನಕಾಂಗ, ಶ್ವಾಸಕೋಶ, ತಲೆಗಳನ್ನೂ ಹಸಿಯಾಗಿ ನಾಯಿಗೆ ಹಾಕುವುದು ಹಳ್ಳಿಗಳಲ್ಲಿ ಸಾಮಾನ್ಯ. ಮಂದೆಗೆ ಇದರಷ್ಟು ಕೇಡಿನ ಅಭ್ಯಾಸ ಇನ್ನೊಂದಿಲ್ಲ. ಕುರಿಯ ಮೆದುಳಿನಲ್ಲಿಯೂ ಒಳಾಂಗಗಳಲ್ಲಿಯೂ ಇರುವ ನೀರುಗುಳ್ಳೆಗಳನ್ನು ನಾಯಿ ತಿಂದರೆ ಅದರ ಕರುಳಿನಲ್ಲಿ ಲಾಡಿಹುಳುಗಳು ಬೆಳೆಯುತ್ತವೆ. ಹುಳುವಿನ ಮೊಟ್ಟೆಗಳು ನಾಯಿಯ ಮಲದ ಮೂಲಕ ಹುಲ್ಲಿಗೆ ಸೇರುತ್ತವೆ. ಆ ಹುಲ್ಲು ಮೇಯ್ದ ಕುರಿಯ ಮೆದುಳಿನಲ್ಲಿ ಮತ್ತೆ ಗುಳ್ಳೆ ಕಟ್ಟುತ್ತದೆ. ಕುರಿ ತಲೆ ಓರೆ ಮಾಡಿ, ಮಂದೆಯಿಂದ ಬೇರೆಯಾಗಿ, ಒಂದೇ ಕಡೆಗೆ ಸುತ್ತುತ್ತ ಸಾಯುತ್ತದೆ. ಇನ್ನೊಂದು ಜಾತಿಯ ಲಾಡಿಹುಳುವಿನ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಪಿತ್ತಜನಕಾಂಗ, ಶ್ವಾಸಕೋಶಗಳಲ್ಲಿ ದೊಡ್ಡ ಗುಳ್ಳೆಗಳಾಗಿ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ನರಿಯಿಂದ ಮರಿಯನ್ನು ಉಳಿಸಿದ ನಾಯಿಯೇ ಹೀಗೆ ಮಂದೆಗೆ ರೋಗ ಹರಡುತ್ತದೆ.

ಇದನ್ನು ತಡೆಯುವ ಮಾರ್ಗ ಸುಲಭ. ಸತ್ತ ಕುರಿಯನ್ನು ಆಳವಾಗಿ ಹೂಳಬೇಕು. ಕುರಿ ಹಾಕಿದ ಮಾಸನ್ನೂ ಹಾಗೆಯೇ ಹೂಳಬೇಕು. ನಾಯಿಗೆ ಕೊಡುವ ಮಾಂಸವನ್ನೆಲ್ಲ ಚೆನ್ನಾಗಿ ಬೇಯಿಸಬೇಕು. ಮರಿಗೆ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಅನಂತರ ಕನಿಷ್ಠ ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಔಷಧ ಕೊಡಬೇಕು. ಎಲ್ಲ ಜಂತು ಔಷಧಗಳೂ ಲಾಡಿಹುಳುವನ್ನು ಕೊಲ್ಲುವುದಿಲ್ಲ. ಮಂದೆಯ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಔಷಧವನ್ನು ಎಷ್ಟು ದಿನಕ್ಕೊಮ್ಮೆ ಕೊಡಬೇಕೆಂದು ಪಶುವೈದ್ಯರನ್ನು ಕೇಳಿ ತಿಳಿಯತಕ್ಕದ್ದು. ನಾಯಿ ಮುಟ್ಟಿದ ಮೇಲೆ ಕೈ ತೊಳೆಯದೆ ಉಣ್ಣಬಾರದೆಂದು ಮಕ್ಕಳಿಗೆ ಕಲಿಸಬೇಕು.

ಲಸಿಕೆ, ಉಣ್ಣಿ, ಬಿಸಿಲು

ಆರರಿಂದ ಎಂಟು ವಾರದಲ್ಲಿ ಮೊದಲ ಸಂಯುಕ್ತ ಲಸಿಕೆ ಹಾಕಿಸಿ, ಹದಿನಾರು ವಾರದವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಮರು ಲಸಿಕೆ ಕೊಡಿಸಬೇಕು. ರಕ್ತಭೇದಿ ತರುವ ಪಾರ್ವೋ ರೋಗದಿಂದ ಎಳೆಮರಿಗಳು ಎರಡು ಮೂರು ದಿನಗಳಲ್ಲೇ ಸಾಯಬಹುದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಅನಂತರ ವರ್ಷಕ್ಕೊಮ್ಮೆ ತಪ್ಪದೆ ಮರು ಲಸಿಕೆ ಬೇಕು. ಮಂದೆಯ ನಾಯಿ ಬೀದಿನಾಯಿಗಳೊಡನೆ ಕಾದಾಡುವುದರಿಂದ ಅದಕ್ಕೆ ಈ ಲಸಿಕೆ ಮನೆ ನಾಯಿಗಿಂತಲೂ ಅಗತ್ಯ. ಯಾವುದೇ ನಾಯಿ ಮನುಷ್ಯರನ್ನು ಕಚ್ಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಹಚ್ಚಿ ಕಾಲ ಕಳೆಯಬಾರದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು.

ಉಣ್ಣಿಗಳು ರಕ್ತ ಹೀರುವುದಲ್ಲದೆ ಜ್ವರವನ್ನೂ ತರುತ್ತವೆ. ವಾರಕ್ಕೊಮ್ಮೆ ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ನೋಡಬೇಕು. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಬಳಿಯುವುದು ಪ್ರಾಣಕ್ಕೇ ಅಪಾಯ. ಟೊಮೆಟೊ ತೋಟಕ್ಕೂ ಮಾವಿನ ತೋಪಿಗೂ ಔಷಧ ಹೊಡೆದ ಡಬ್ಬಗಳನ್ನು, ಇಲಿ ಪಾಷಾಣವನ್ನು ನಾಯಿಗೆ ಎಟುಕದಂತೆ ಇಡಬೇಕು. ಬೇಸಿಗೆಯಲ್ಲಿ ಹೊಂಗೆಯದೋ ಮಾವಿನದೋ ನೆರಳು, ದಿನಕ್ಕೆ ಎರಡು ಮೂರು ಬಾರಿ ಬದಲಾಯಿಸಿದ ನೀರು ಇರಲೇಬೇಕು. ನಾಯಿ ಜೊಲ್ಲು ಸುರಿಸುತ್ತ, ತೂರಾಡುತ್ತ, ಏದುಸಿರು ಬಿಟ್ಟರೆ ನೆರಳಿಗೆ ತಂದು ಮೈಗೆ ನೀರು ಸುರಿದು ಗಾಳಿ ಬೀಸಿ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಚಿರತೆ ಇರುವ ಕಡೆ

ಬೆಟ್ಟದ ಅಂಚಿನ ಹಳ್ಳಿಗಳಲ್ಲಿ ಒಂದು ಮಾತನ್ನು ಮರೆಯಬಾರದು. ಚಿರತೆಗೆ ನಾಯಿಯೇ ಇಷ್ಟದ ಬೇಟೆ. ರೊಪ್ಪದ ಹೊರಗೆ ಗೂಟಕ್ಕೆ ಕಟ್ಟಿದ ನಾಯಿ ಕಾವಲು ಕಾಯಲಾರದು, ತಪ್ಪಿಸಿಕೊಳ್ಳಲೂ ಆರದು. ಅದನ್ನು ಅಲ್ಲಿ ಕಟ್ಟುವುದೆಂದರೆ ಚಿರತೆಗೆ ಮೇವು ಇಟ್ಟಂತೆ. ಇಂಥ ಕಡೆ ಎತ್ತರದ ಗೋಡೆ ಅಥವಾ ತಂತಿ ಬಲೆಯ ಜೊತೆ ಮೇಲೂ ಮುಚ್ಚಿದ ರೊಪ್ಪ, ಬೆಳಕು, ಒಳಗೆ ಕುರಿಗಳ ಜೊತೆ ಒಂದರ ಬದಲು ಎರಡು ನಾಯಿ ಇರಬೇಕು. ನಾಯಿಯ ಕೆಲಸ ಚಿರತೆಯನ್ನು ಕೊಲ್ಲುವುದಲ್ಲ, ಮುಂಚಿತವಾಗಿ ಬೊಗಳಿ ಮನುಷ್ಯರನ್ನು ಎಬ್ಬಿಸುವುದು. ರಾಗಿ ಕೊಯ್ಲಿನ ಅನಂತರ ಗೊಬ್ಬರಕ್ಕೆಂದು ಬೇರೆಯವರ ಹೊಲದಲ್ಲಿ ಮಂದೆ ತಂಗಿಸುವಾಗಲೂ ಇದೇ ಎಚ್ಚರ ಬೇಕು. ಚಿರತೆಯಿಂದ ಕುರಿ ಸತ್ತರೆ ಕಳೇಬರವನ್ನು ಕದಲಿಸದೆ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ತಿಳಿಸಿ ಪರಿಹಾರಕ್ಕೆ ಅರ್ಜಿ ಕೊಡಬೇಕು. ಸಿಟ್ಟಿನಿಂದ ಕಳೇಬರಕ್ಕೆ ವಿಷ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆ ವಿಷಕ್ಕೆ ಮೊದಲು ಬಲಿಯಾಗುವುದು ಅನೇಕ ವೇಳೆ ಮಂದೆಯ ನಾಯಿಯೇ.

ನೆರೆಹೊರೆ ಮತ್ತು ಕಾನೂನು

ಮಾಲೂರಿನಂತೆ ಕಾರ್ಖಾನೆ, ಬಡಾವಣೆಗಳು ಹೊಲದ ಪಕ್ಕಕ್ಕೇ ಬಂದಿರುವ ಕಡೆ ಬಲಶಾಲಿ ನಾಯಿಯನ್ನು ಸಾಕುವವನ ಹೊಣೆ ದೊಡ್ಡದು. ಶಾಲೆಗೆ ಹೋಗುವ ಮಕ್ಕಳು, ಹಾಲು ಹಾಕಲು ಡೈರಿಗೆ ನಡೆಯುವ ಹೆಂಗಸರು, ದ್ವಿಚಕ್ರ ವಾಹನದವರು ಓಡಾಡುವ ದಾರಿಯಲ್ಲಿ ನಾಯಿಯನ್ನು ಒಂಟಿಯಾಗಿ ಬಿಡಬಾರದು. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗುವಂತೆ ನಿರ್ಲಕ್ಷ್ಯ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ ಶಿಕ್ಷಾರ್ಹ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕಾಂಗಾಲ್ ಮೊದಲಾದ ಇಪ್ಪತ್ಮೂರು ತಳಿಗಳ ಮಾರಾಟ ಮತ್ತು ಸಾಕಣೆಗೆ ತಡೆ ಹಾಕುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಸುತ್ತೋಲೆ ಹೋದರೂ ಸಾಕುವವನ ಹೊಣೆ ಹೋಗುವುದಿಲ್ಲ. ಬೀದಿನಾಯಿಗಳ ಸಂತಾನ ನಿಯಂತ್ರಣ ಮತ್ತು ಲಸಿಕೆಯ ಜವಾಬ್ದಾರಿ 2023ರ ನಿಯಮಗಳಂತೆ ಸ್ಥಳೀಯ ಸಂಸ್ಥೆಗಳದು. ಕುರಿಗಾರರು ಒಟ್ಟಾಗಿ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿದರೆ ಅಪಾಯದ ಮೂಲವೇ ಕಡಿಮೆಯಾಗುತ್ತದೆ.

ಮುದಿತನದಲ್ಲಿ

ಎಂಟೊಂಬತ್ತು ವರ್ಷವಾದ ನಾಯಿಯ ಕಿವಿ ಮಂದವಾಗುತ್ತದೆ, ಕಾಲು ಸೋಲುತ್ತವೆ. ಹಳೆಯ ನಾಯಿಗೆ ಶಕ್ತಿ ಇರುವಾಗಲೇ, ಐದಾರು ವರ್ಷದ ಹೊತ್ತಿಗೆ, ಹೊಸ ಮರಿಯನ್ನು ತಂದರೆ ಕಲಿಕೆ ಸುಲಭ. ದುಡಿದ ನಾಯಿಯನ್ನು ಮುಪ್ಪಿನಲ್ಲಿ ಸಂತೆಯಲ್ಲಿ ಬಿಟ್ಟುಬರುವುದು ನ್ಯಾಯವಲ್ಲ. ಮೈಲಾರಲಿಂಗನ ಒಕ್ಕಲಾದ ಗೊರವರು ನಾಯಿಯನ್ನು ದೇವರ ಪರಿವಾರವೆಂದು ಕಾಣುವ ನಾಡು ಇದು. ಭೈರವನ ವಾಹನವೂ ನಾಯಿಯೇ. ರೊಪ್ಪದ ಮೂಲೆಯಲ್ಲಿ ಅದಕ್ಕೊಂದು ಗೋಣಿತಾಟು, ಎರಡು ಹೊತ್ತು ಮೆತ್ತಗಿನ ಊಟ ಹೊರೆಯಲ್ಲ.

ರೈತ ಬಾಂಧವರೇ, ಒಳ್ಳೆಯ ಕಾವಲು ನಾಯಿ ದುಡ್ಡು ಕೊಟ್ಟರೆ ಸಿದ್ಧವಾಗಿ ಸಿಗುವ ವಸ್ತುವಲ್ಲ. ಎಂಟನೆಯ ವಾರದಿಂದ ಎರಡು ವರ್ಷದವರೆಗೆ ತಾಳ್ಮೆಯಿಂದ ಬೆಳೆಸಿದರೆ ಮಾತ್ರ ಅದು ಮುಂದೆ ಆರೇಳು ವರ್ಷ ಮಂದೆಯನ್ನು ಕಾಯುತ್ತದೆ. ನಾಯಿಮರಿ ತರಬೇಕೆಂದಿರುವವರು ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ಲಸಿಕೆ ಮತ್ತು ಜಂತು ಔಷಧದ ವಿವರ ಪಡೆದು, ರೊಪ್ಪದಲ್ಲಿ ತಡಿಕೆಯ ಮೂಲೆ ಸಿದ್ಧಪಡಿಸಿ, ಆಮೇಲೆ ಮರಿಯನ್ನು ತರುವುದು ಉತ್ತಮ.